ತಿಪಟೂರಿನ ಹನ್ನೆರಡು ಸಾಲು

ಬಿನ್ನಿಪೇಟೆಯ ಮಹದೇವನಿಗೆ ಕಬಡ್ಡಿ ಆಡುವ ಯೋಗವಿರಲಿಲ್ಲ. ಅವನ ಅಪ್ಪ ಬೆಟ್ಟಯ್ಯ ಬಟ್ಟೆ ಗಿರಣಿಯ ತಂಡದಲ್ಲಿ ಹದಿನಾಲ್ಕು ವರ್ಷ ಆಡಿದವರು. ಎಡಮೂಲೆಯಲ್ಲಿ ನಿಂತ ಬೆಟ್ಟಯ್ಯ ಕಾಲಿಗೆ ಕೈ ಹಾಕಿದರೆಂದರೆ ಎದುರಿನವನು ನಡುಗೆರೆ ಮುಟ್ಟುವ ಆಸೆ ಬಿಡಬೇಕಾಗಿತ್ತು ಎಂದು ಗಿರಣಿಯ ಹಳಬರು ಸಿಕ್ಕಾಗಲೆಲ್ಲ ಹೇಳುತ್ತಿದ್ದರು. ಮಗನಿಗೆ ಮಾತ್ರ ಚಿಕ್ಕಂದಿನಿಂದ ಉಬ್ಬಸ. ನಾಲ್ಕು ಸಲ ಕಬಡ್ಡಿ ಎನ್ನುವಷ್ಟರಲ್ಲಿ ಎದೆಯೊಳಗೆ ಸಿಳ್ಳೆ ಶುರುವಾಗುತ್ತಿತ್ತು. ಹಾಗಾಗಿ ಅವನು ಅಂಕಣದ ಹೊರಗೆ ಕೂತು ಅಂಕ ಬರೆಯುವವನಾದ.

ಈ ಕಥೆ ನಡೆದದ್ದು ಎರಡು ಸಾವಿರದ ಎಂಟರಲ್ಲಿ. ಆಗ ಮಹದೇವನಿಗೆ ಮೂವತ್ತೊಂದು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು, ಮನೆಯಲ್ಲಿ ಅವನು ಮತ್ತು ತಾಯಿ ರಾಮಕ್ಕ ಇಬ್ಬರೇ. ವಿಜಯನಗರದ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಅವನಿಗೆ ಕೆಲಸ. ಮಕ್ಕಳ ಹಾಜರಿ, ಇಂಟರ್ನಲ್ ಮಾರ್ಕ್ಸು ಇವನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು. ಎಕ್ಸೆಲ್ ಅವನ ಕೈಗೆ ಹತ್ತಿದ್ದು ಹಾಗೆ. ಸಂಜೆಯಾದರೆ ರಾಜಾಜಿನಗರದ ಮೈದಾನ. ಅಲ್ಲಿ ವೀರಭದ್ರ ಕಬಡ್ಡಿ ಸಂಘದ ಹುಡುಗಿಯರ ತಂಡ ಅಭ್ಯಾಸ ಮಾಡುತ್ತಿತ್ತು. ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದ ಸೋಮಲಿಂಗಪ್ಪ ಅದರ ಕೋಚ್. ಸಂಘದ ಪಂದ್ಯ ಎಲ್ಲೇ ಇದ್ದರೂ ಮಹದೇವ ರಟ್ಟಿನ ಮೇಲೆ ಹಾಳೆ ಸಿಕ್ಕಿಸಿಕೊಂಡು ಹೋಗುತ್ತಿದ್ದ.

ಒಮ್ಮೆ ಕಾಲೇಜಿಗೆ ಬರುತ್ತಿದ್ದ ಕಂಪ್ಯೂಟರ್ ಪತ್ರಿಕೆಯೊಂದರಲ್ಲಿ ಅವನು ಒಂದು ಲೇಖನ ಓದಿದ. ಒಂದು ಕಂಪನಿಯ ವರ್ಷದ ಮಾರಾಟವನ್ನೆಲ್ಲ ಒಂದೇ ಪರದೆಯ ಮೇಲೆ ತೋರಿಸುವ ಡ್ಯಾಶ್‌ಬೋರ್ಡ್ ಮಾಡುವ ಬಗೆ ಅದರಲ್ಲಿತ್ತು. ಊರಿನ ಹೆಸರು ಆರಿಸಿದರೆ ಆ ಊರಿನ ಪಟ್ಟಿ, ತಿಂಗಳು ಬದಲಿಸಿದರೆ ಬೇರೆ ಪಟ್ಟಿ. ಮಹದೇವನಿಗೆ ಅದನ್ನು ಓದುತ್ತಿದ್ದಂತೆ ಊರುಗಳ ಜಾಗದಲ್ಲಿ ಹುಡುಗಿಯರ ಹೆಸರು ಕಾಣತೊಡಗಿತು. ಮನೆಯಲ್ಲಿದ್ದ ಎರಡು ವರ್ಷದ ಅಂಕಪಟ್ಟಿಗಳನ್ನು ಅಟ್ಟದಿಂದ ಇಳಿಸಿದ. ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದ. ಎಂಟು ತಿಂಗಳ ಭಾನುವಾರಗಳು ಅದಕ್ಕೇ ಹೋದವು. ರಾಮಕ್ಕ ಹೆಣ್ಣು ನೋಡುವ ಮಾತೆತ್ತಿದರೆ ಅವನು ಪರದೆಯಿಂದ ಕಣ್ಣು ತೆಗೆಯದೆ "ಹೂಂ" ಅನ್ನುತ್ತಿದ್ದ.

ಕೊನೆಗೆ ತಯಾರಾದ ವಸ್ತು ಚೆನ್ನಾಗಿಯೇ ಇತ್ತು. ಮೇಲೊಂದು ಚೌಕ. ಅದನ್ನು ಒತ್ತಿದರೆ ಹೆಸರುಗಳು ಇಳಿಬೀಳುತ್ತಿದ್ದವು. ಒಬ್ಬಳನ್ನು ಆರಿಸಿದರೆ ಅವಳು ಹೋದ ರೈಡುಗಳು, ಹಿಡಿದ ಕ್ಯಾಚುಗಳು, ಬಿಟ್ಟ ಕ್ಯಾಚುಗಳು, ಮೊದಲರ್ಧದಲ್ಲಿ ಎಷ್ಟು, ಎರಡನೇ ಅರ್ಧದಲ್ಲಿ ಎಷ್ಟು ಎಲ್ಲ ಪಟ್ಟಿಪಟ್ಟಿಯಾಗಿ ಎದ್ದು ನಿಲ್ಲುತ್ತಿದ್ದವು. ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು. ಮೈದಾನದಲ್ಲಿ ಕುರ್ಚಿಯ ಮೇಲೆ ಕೇರಂ ಬೋರ್ಡು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ಮೊದಲ ದಿನ ತೋರಿಸಿದಾಗ ಹುಡುಗಿಯರು ಮುಗಿಬಿದ್ದರು. ಅದಕ್ಕೆ ಅವರೇ 'ಜಾತಕ' ಎಂದು ಹೆಸರಿಟ್ಟರು. "ಅಣ್ಣಾ, ನನ್ನ ಜಾತಕ ತೆಗಿ" ಎಂದು ದಿನಾ ಒಬ್ಬಳಾದರೂ ಕೇಳುವಳು. ಇಷ್ಟು ವರ್ಷ ಮೈದಾನದಲ್ಲಿ ಯಾರೂ ಅವನ ಹೆಸರು ಹಿಡಿದು ಕರೆದದ್ದು ಕಡಿಮೆ, ಬರೆಯೋನು ಅನ್ನುತ್ತಿದ್ದರು. ಈಗ ಅವನು ಬರುವುದು ತಡವಾದರೆ ಕಾಯುತ್ತಿದ್ದರು.

ತಂಡದಲ್ಲಿ ಇಬ್ಬರು ಎದ್ದು ಕಾಣುವ ಹುಡುಗಿಯರು. ಒಬ್ಬಳು ಬಸವೇಶ್ವರನಗರದ ಶಿಲ್ಪಾ, ಜೆರಾಕ್ಸ್ ಅಂಗಡಿಯವರ ಮಗಳು, ಕೊನೇ ವರ್ಷದ ಬಿ.ಕಾಂ. ಇನ್ನೊಬ್ಬಳು ದುರ್ಗವ್ವ. ಬಾಗಲಕೋಟೆ ಕಡೆಯವಳು. ಅಕ್ಕ ದಾನಮ್ಮನ ಜೊತೆ ಲಗ್ಗೆರೆಯಲ್ಲಿದ್ದುಕೊಂಡು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಐದೂವರೆಗೆ ಶಿಫ್ಟ್ ಮುಗಿಸಿ ಬಸ್ಸು ಹಿಡಿದು ಬರುವಾಗ ಜಡೆಯಲ್ಲಿ ದಾರದ ಎಳೆ ಅಂಟಿರುತ್ತಿತ್ತು. ಮಾತು ಕಡಿಮೆ. ಎಡಮೂಲೆಯಲ್ಲಿ ನಿಂತು, ಎದುರಿನವಳು ಒಂದು ಕಾಲನ್ನು ಒಂದು ಗೇಣು ಹೆಚ್ಚು ಮುಂದಿಟ್ಟಳೋ ಇಲ್ಲವೋ, ಹಿಮ್ಮಡಿಗೆ ಬೀಳುತ್ತಿದ್ದಳು.

ಆ ವರ್ಷ ಜುಲೈನಲ್ಲಿ ತಿಪಟೂರಿನಲ್ಲಿ ಎರಡು ದಿನದ ಟೂರ್ನಮೆಂಟು. ವೀರಭದ್ರ ಸಂಘ ಐದು ಪಂದ್ಯ ಆಡಿ ಎರಡನೇ ಸ್ಥಾನ ಪಡೆಯಿತು. ಮಹದೇವ ಐದನ್ನೂ ಬರೆದ. ಆದರೆ ನೋಡಿದನೇ ಎಂದರೆ ಹೇಳುವುದು ಕಷ್ಟ. ಬರೆಯುವ ಭರದಲ್ಲಿ ಅವನ ಕಣ್ಣು ಹುಡುಗಿಯರ ಎದೆಯ ಮೇಲಿನ ನಂಬರು ಮತ್ತು ಹಾಳೆಯ ಚೌಕಗಳ ನಡುವೆ ಓಡಾಡುತ್ತಿತ್ತು. ಒಂಬತ್ತನೇ ನಂಬರು ಹಿಡಿದಳು, ಮೂರನೇ ನಂಬರು ಬಿಟ್ಟಳು, ಐದನೇ ನಂಬರು ಔಟು. ಯಾರು ಹೇಗೆ ಹಿಡಿದರು ಎಂದು ಬಸ್ಸಿನಲ್ಲಿ ಮಿಕ್ಕವರು ಮಾತಾಡಿಕೊಳ್ಳುವಾಗ ಅವನಿಗೆ ಏನೂ ಹೊಳೆಯಲಿಲ್ಲ.

ಆಗಸ್ಟಿನಲ್ಲಿ ಒಂದು ಸರ್ಕಾರಿ ಕಂಪನಿಯವರು ತಮ್ಮ ಮಹಿಳಾ ತಂಡಕ್ಕೆ ಆಟಗಾರ್ತಿಯರನ್ನು ತೆಗೆದುಕೊಳ್ಳುವ ಸುದ್ದಿ ಬಂತು. ಒಂದೊಂದು ಸಂಘದಿಂದ ಒಂದೇ ಹೆಸರು ಕಳಿಸಬೇಕು. ಟ್ರಯಲ್ಸಿನಲ್ಲಿ ಗೆದ್ದರೆ ಕಾಯಂ ನೌಕರಿ. ಶನಿವಾರ ಮಧ್ಯಾಹ್ನ ಸೋಮಲಿಂಗಪ್ಪ ಬಿನ್ನಿಪೇಟೆಗೆ ಬಂದರು. ರಾಮಕ್ಕ ಉಪ್ಪಿಟ್ಟು, ಕಾಫಿ ಕೊಟ್ಟು ಒಳಗೆ ಹೋದರು.

"ಇಬ್ಬರಲ್ಲಿ ಒಬ್ಬಳು ಕಣಯ್ಯಾ," ಎಂದರು ಸೋಮಲಿಂಗಪ್ಪ. "ಶಿಲ್ಪಾ, ಇಲ್ಲ ದುರ್ಗಿ. ಎರಡು ದಿನದಿಂದ ತಲೆ ಕೆಡಿಸ್ಕೊಂಡಿದೀನಿ. ನಿನ್ನ ಜಾತಕ ಏನ್ ಹೇಳುತ್ತೆ ನೋಡೋಣ, ತೆಗಿ."

ಮಹದೇವ ಮೊದಲು ಶಿಲ್ಪಾಳ ಹೆಸರು ಆರಿಸಿದ. ಪಟ್ಟಿಗಳು ಹಸಿರಾಗಿ ಎದ್ದವು. ಆಮೇಲೆ ದುರ್ಗವ್ವಳದು. ಮೊದಲರ್ಧ ಪರವಾಗಿಲ್ಲ, ಎರಡನೇ ಅರ್ಧದ ಕ್ಯಾಚುಗಳ ಜಾಗದಲ್ಲಿ ಉದ್ದನೆಯ ಕೆಂಪು.

ಸೋಮಲಿಂಗಪ್ಪ ಕನ್ನಡಕ ಮೇಲೇರಿಸಿ ನೋಡಿದರು. "ಇದು ಯಾಕೆ ಹಿಂಗಿದೆ?"

"ತಿಪಟೂರಲ್ಲಿ ಬಿದ್ದೋಗಿದೆ ಸಾರ್. ಐದು ಮ್ಯಾಚಲ್ಲಿ ಎರಡೇ ಕ್ಯಾಚು. ಒಂಬತ್ತು ಬಿಟ್ಟಿದಾಳೆ."

"ತಿಪಟೂರಲ್ಲಿ ಚೆನ್ನಾಗಿ ಆಡಿದ್ಲಲ್ಲಯ್ಯಾ. ನನಗೆ ಹಾಗೇ ನೆನಪು."

ಮಹದೇವ ಆಗ ಹೇಳಿದ ಮಾತು ಅವನಿಗೆ ಮುಂದೆ ಎಷ್ಟೋ ಸಲ, ಬಸ್ಸಿನಲ್ಲಿ, ಆಫೀಸಿನಲ್ಲಿ, ಊಟಕ್ಕೆ ಕೂತಾಗ ಕಿವಿಯಲ್ಲಿ ಕೇಳುತ್ತಿತ್ತು. "ಸಾರ್, ಕಣ್ಣಿಗೆ ಒಂದೆರಡು ಒಳ್ಳೆ ಕ್ಯಾಚ್ ಅಷ್ಟೇ ನೆನಪಿರುತ್ತೆ. ಬಿಟ್ಟಿದ್ದು ನೆನಪಿರಲ್ಲ. ಇದಕ್ಕೆ ಎರಡೂ ನೆನಪಿರುತ್ತೆ."

ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದ ಆ ಮನುಷ್ಯ ಕನ್ನಡಕ ತೆಗೆದು ಜೇಬಿಗಿಟ್ಟರು. "ಇರಬಹುದು," ಎಂದರು. "ನನಗೂ ವಯಸ್ಸಾಯ್ತು."

ಶಿಲ್ಪಾಳ ಹೆಸರು ಹೋಯಿತು. ಅವಳು ಟ್ರಯಲ್ಸಿನಲ್ಲಿ ಗೆದ್ದಳು, ಸೆಪ್ಟೆಂಬರ್ ಮೊದಲ ವಾರ ಕೆಲಸಕ್ಕೂ ಸೇರಿದಳು. ಮೈದಾನಕ್ಕೆ ಬಂದು ಎಲ್ಲರಿಗೂ ಮೈಸೂರು ಪಾಕು ಹಂಚಿ, ಸೋಮಲಿಂಗಪ್ಪನವರ ಕಾಲಿಗೆ ನಮಸ್ಕಾರ ಮಾಡಿ ಅತ್ತಳು. ಒಳ್ಳೆಯ ಹುಡುಗಿ. ಅವಳದೇನೂ ತಪ್ಪಿರಲಿಲ್ಲ.

ದುರ್ಗವ್ವಳಿಗೆ ಕಾರಣವನ್ನು ಕೋಚೇ ಹೇಳಿದರು. ಎರಡನೇ ಅರ್ಧದಲ್ಲಿ ನಿನ್ನ ಶಕ್ತಿ ಇಳಿಯುತ್ತೆ, ತಿಪಟೂರಿನ ಲೆಕ್ಕ ನೋಡಿದೆ, ಮುಂದಿನ ಸಲ ನೋಡೋಣ ಎಂದರು. ಅವಳು "ಹೌದೇನ್ರೀ ಸರ" ಎಂದು ಒಂದು ಸಲ ಕೇಳಿದಳು. ಮಾರನೆಯ ದಿನದಿಂದ ಅಭ್ಯಾಸಕ್ಕೆ ಮುಂಚೆ ಮೈದಾನದ ಸುತ್ತ ಹತ್ತು ಸುತ್ತು ಓಡತೊಡಗಿದಳು. ಎಂಟು ಗಂಟೆ ಹೊಲಿಗೆ ಯಂತ್ರದ ಮುಂದೆ ಕೂತು ಬಂದ ಕಾಲುಗಳು. ಓಡುವಾಗ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಶಿಲ್ಪಾ ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಒಂದು ಸಂಜೆ ತಂಡದ ಚಿಕ್ಕ ಹುಡುಗಿ ವಾಣಿ ಲ್ಯಾಪ್‌ಟಾಪಿನ ಮುಂದೆ ಕೂತು ತನ್ನ ಜಾತಕ ತೆಗೆದು ನಗತೊಡಗಿದಳು.

"ಅಣ್ಣಾ, ನಾನು ತಿಪಟೂರಲ್ಲಿ ನಾಲ್ಕು ಕ್ಯಾಚ್ ಹಿಡಿದಿದೀನಂತೆ. ಎರಡು ದಿನ ಬೆಂಚಲ್ಲಿ ಕೂತು ಎಲ್ಲರ ಚಪ್ಪಲಿ ಕಾದಿದ್ದು ನಾನು."

ಮಹದೇವನೂ ನಕ್ಕ. ನಗುತ್ತಿರುವಾಗಲೇ ಆ ನಾಲ್ಕು ಹಾಗಾದರೆ ಯಾರದು ಎಂಬ ಯೋಚನೆ ಬಂತು. ಬ್ಯಾಟರಿ ಮುಗಿಯಿತು ಎಂದು ಸುಳ್ಳು ಹೇಳಿ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಬಂದ. ತಿಪಟೂರಿನ ಕಾಗದಗಳನ್ನು ಹುಡುಕಿ ತೆಗೆದು ಪರದೆಯ ಪಕ್ಕ ಇಟ್ಟುಕೊಂಡು ಒಂದೊಂದೇ ಸಾಲು ಬೆರಳಿಟ್ಟು ನೋಡಿದ.

ಹನ್ನೆರಡು ಹುಡುಗಿಯರು, ಹನ್ನೆರಡು ಸಾಲು. ಹೆಸರುಗಳು ಸರಿ ಇದ್ದವು, ಅಂಕಗಳೂ ಸರಿ ಇದ್ದವು, ಆದರೆ ಒಬ್ಬಳ ಅಂಕ ಇನ್ನೊಬ್ಬಳ ಮುಂದೆ. ಹೇಗಾಯಿತೆಂದು ಅವನಿಗೆ ನಿಧಾನವಾಗಿ ನೆನಪಾಯಿತು. ತಿಪಟೂರಿಂದ ಬಂದ ಮರುದಿನ ಎಲ್ಲ ಏರಿಸಿ ಮುಗಿಸಿ, ಹೆಸರುಗಳು ಅಕ್ಷರದ ಕ್ರಮದಲ್ಲಿರಲಿ ಎಂದು ಆ ಕಾಲಮ್ಮನ್ನು ಮಾತ್ರ ಆರಿಸಿ ಸಾರ್ಟ್ ಒತ್ತಿದ್ದ. ಪಕ್ಕದ ಅಂಕಗಳನ್ನೂ ಜೊತೆಗೆ ಸರಿಸಲೇ, ಇಲ್ಲ ಹೆಸರುಗಳನ್ನಷ್ಟೇ ಸರಿಸಲೇ ಎಂದು ಯಂತ್ರ ಕೇಳಿತ್ತು. ಆಗಷ್ಟೇ ಕರೆಂಟು ಹೋಗಿತ್ತು, ಹಳೇ ಬ್ಯಾಟರಿ ಯಾವಾಗ ಕೈ ಕೊಡುವುದೋ ಎಂಬ ಅವಸರ. ಓದದೆ ಒತ್ತಿದ್ದ. ಹೆಸರುಗಳು ಸರಿದವು, ಅಂಕಗಳು ನಿಂತಲ್ಲೇ ನಿಂತವು.

ಕಾಗದದ ಪ್ರಕಾರ ದುರ್ಗವ್ವ ತಿಪಟೂರಿನಲ್ಲಿ ಹಿಡಿದದ್ದು ಹನ್ನೊಂದು ಕ್ಯಾಚು. ಅದರಲ್ಲಿ ಏಳು ಎರಡನೇ ಅರ್ಧದಲ್ಲಿ. ಆ ಹನ್ನೊಂದು ಹೋಗಿ ಕೂತದ್ದು ಶಿಲ್ಪಾಳ ಹೆಸರಿನ ಮುಂದೆ. ದುರ್ಗವ್ವಳ ಮುಂದೆ ಬಂದು ಕೂತದ್ದು, ಮೊದಲ ಪಂದ್ಯದಲ್ಲೇ ಪಾದ ಉಳುಕಿಸಿಕೊಂಡು ಕುಂಟುತ್ತ ಆಡಿದ ಉಷಾಳ ಎರಡು.

ಸರಿ ಮಾಡಲು ಹತ್ತು ನಿಮಿಷವೂ ಹಿಡಿಯಲಿಲ್ಲ. ದುರ್ಗವ್ವಳ ಹೆಸರು ಆರಿಸಿದ. ಕೆಂಪು ಪಟ್ಟಿ ಕಣ್ಣೆದುರೇ ಕುಗ್ಗಿ, ಹಸಿರು ಪಟ್ಟಿ ಪರದೆಯ ಅಂಚಿನವರೆಗೆ ಹೋಯಿತು. ಅಷ್ಟು ಸಲೀಸಾಗಿ ಹಸಿರಾಯಿತಲ್ಲ ಎಂಬುದೇ ಅವನಿಗೆ ಹೆಚ್ಚು ನೋವು ಕೊಟ್ಟಿತು. ಸರಿಯಾದದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿದ. ಹಳೆಯದನ್ನು ಅಳಿಸಲು ಯಾಕೋ ಕೈ ಬರಲಿಲ್ಲ.

ಮಾರನೆಯ ದಿನವೇ ಹೇಳಬೇಕು ಎಂದುಕೊಂಡ. ಮಾರನೆಯ ದಿನ ಸೋಮಲಿಂಗಪ್ಪನವರಿಗೆ ಜ್ವರ. ಆಮೇಲೆ ದಸರಾ ರಜೆ. ಆಮೇಲೆ ಕಾರಣಗಳು ತಾವಾಗಿಯೇ ಬರತೊಡಗಿದವು. ಈಗ ಹೇಳಿದರೆ ಶಿಲ್ಪಾಳ ಗತಿ ಏನು? ಅವಳ ನೌಕರಿಯನ್ನು ಕಿತ್ತು ಇವಳಿಗೆ ಕೊಡುತ್ತಾರೆಯೇ? ಕೋಚಿಗೆ ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ? ಒಂದೊಂದು ಕಾರಣವೂ ನ್ಯಾಯವಾಗಿಯೇ ಕಾಣುತ್ತಿತ್ತು. ಅವುಗಳ ಕೆಳಗೆ ಇದ್ದ ನಿಜವಾದ ಕಾರಣ ಒಂದೇ. ಹೇಳಿದ ದಿನದಿಂದ ಮೈದಾನದಲ್ಲಿ ಅವನಿಗಾಗಿ ಯಾರೂ ಕಾಯುವುದಿಲ್ಲ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಆದ್ದರಿಂದಲೇ ಅದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಯೋಚಿಸುತ್ತಿದ್ದ.

"ಉಬ್ಬಸ ಬಂದೈತೇನೋ?" ಎಂದು ರಾಮಕ್ಕ ಕೇಳಿದರು. "ತಟ್ಟೇಲಿ ಹಾಕಿದ್ದು ಹಾಕಿದಂಗೇ ಐತಲ್ಲ."

"ಇಲ್ಲಮ್ಮ. ಆಫೀಸಲ್ಲಿ ಕೆಲಸ ಜಾಸ್ತಿ."

ಹೀಗೆ ಐದು ವಾರ ಕಳೆಯಿತು. ಒಂದು ಬುಧವಾರ, ಗಾರ್ಮೆಂಟ್ಸಿಗೆ ಏನೋ ರಜೆ ಇದ್ದಿರಬೇಕು, ದುರ್ಗವ್ವ ಅವನನ್ನು ಹುಡುಕಿಕೊಂಡು ಕಾಲೇಜಿನ ಆಫೀಸಿಗೇ ಬಂದಳು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಪೊಟ್ಟಣ.

"ಅಕ್ಕ ಶೇಂಗಾ ಉಂಡಿ ಮಾಡಿದ್ಲರಿ. ನಿಮಗ ಕೊಡು ಅಂದ್ಲು," ಎಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. "ಅಣ್ಣಾರ, ನನ್ನ ಜಾತಕ ಒಂದ್ಸಲ ತೋರಸ್ರಿ. ಎಲ್ಲಿ ತಪ್ಪೇನಿ ಅಂತ ನಾನ ನೋಡಬೇಕು. ಸರ ಬಾಯಿಲೆ ಹೇಳಿದ್ರ ನಂಗ ತಿಳಿವಲ್ದು."

ಮಹದೇವ ಲ್ಯಾಪ್‌ಟಾಪ್ ತೆರೆದ. ಎರಡು ಫೈಲುಗಳ ಹೆಸರು ಒಂದರ ಕೆಳಗೊಂದು ಇದ್ದವು, ಹಳೆಯದು ಮತ್ತು ಸರಿಯಾದದ್ದು. ಸರಿಯಾದದ್ದನ್ನು ತೆರೆದರೆ ಇದರಲ್ಲಿ ನನ್ನ ತಪ್ಪೆಲ್ಲಿದೆ ಎಂದು ಕೇಳುತ್ತಾಳೆ, ಆಗ ಹೇಳಲೇಬೇಕು. ಬಾಣದ ಗುರುತು ಎರಡರ ನಡುವೆ ಒಂದು ಗಳಿಗೆ ನಿಂತಿತು. ಅವನು ಹಳೆಯದನ್ನು ತೆರೆದ.

ದುರ್ಗವ್ವ ಬಗ್ಗಿ ನೋಡಿದಳು. "ಕೆಂಪು ಅಂದ್ರ ಬಿಟ್ಟಿದ್ದೇನ್ರಿ?"

"ಹೂಂ."

"ಇಷ್ಟ ಬಿಟ್ಟೇನಿ ನಾ," ಎಂದು ತನಗೆ ತಾನೇ ಹೇಳಿಕೊಂಡಳು. ಬೆರಳಿನಿಂದ ಪರದೆಯ ಮೇಲೆ ಆ ಪಟ್ಟಿಯ ಉದ್ದವನ್ನು ಸವರಿದಳು. "ಹಿಡದಂಗ ನೆಪ್ಪೈತ್ರಿ ನಂಗ. ನೆಪ್ಪಿನ ಮ್ಯಾಲ ಏನೈತಿ. ಹೆಂಗ ಸುಧಾರ್ಸೂದ್ರಿ ಇದನ್ನ?"

ಏನಾದರೂ ಹೇಳಬೇಕಿತ್ತು. "ಸೆಕೆಂಡ್ ಹಾಫಲ್ಲಿ ಒಬ್ಬಳೇ ಕಾಲಿಗೆ ಹೋಗ್ಬೇಡ," ಎಂದ ಮಹದೇವ. "ಸುಸ್ತಾಗಿರ್ತೀಯ, ಕೈ ಜಾರುತ್ತೆ. ಪಕ್ಕದವಳು ಬರೋ ತನಕ ಕಾದು ಹಿಡಿ."

ಅವಳು ಪಾಠ ಒಪ್ಪಿಸುವ ಹಾಗೆ "ಒಬ್ಬಾಕೀನ ಹೋಗಬಾರ್ದು, ಕಾಯಬೇಕು" ಎಂದು ಹೇಳಿಕೊಂಡು, ಥ್ಯಾಂಕ್ಸ್ ಎಂದು ಹೋದಳು. ಉಂಡೆಗಳನ್ನು ಮಹದೇವ ಮನೆಗೆ ತಂದ. ರಾಮಕ್ಕ ತಿಂದು ಎಳ್ಳು ಹಾಕಿದಾರೆ, ಒಳ್ಳೆ ಹದವಾಗಿದೆ ಎಂದು ಹೊಗಳಿದರು. ಅವನಿಗೆ ಒಂದನ್ನೂ ಬಾಯಿಗಿಡಲು ಆಗಲಿಲ್ಲ. ತಿಪಟೂರಿನದು ಕೈ ತಪ್ಪಿ ಆದದ್ದು. ಇವತ್ತಿನದು ಗೊತ್ತಿದ್ದೂ ಮಾಡಿದ್ದು. ಎರಡನ್ನೂ ಒಂದೇ ಎಂದುಕೊಳ್ಳಲು ಅವನು ಬಹಳ ಪ್ರಯತ್ನಪಟ್ಟ.

ನವೆಂಬರಿನ ಎರಡನೇ ಭಾನುವಾರ ರಾಜಾಜಿನಗರದಲ್ಲೇ ಪಂದ್ಯಾವಳಿ. ಸೆಮಿಫೈನಲ್ಲಿನ ಎರಡನೇ ಅರ್ಧ, ಇನ್ನು ಎರಡು ನಿಮಿಷ ಬಾಕಿ, ವೀರಭದ್ರ ಸಂಘ ಒಂದು ಅಂಕ ಮುಂದಿತ್ತು. ಎದುರಿನ ಎತ್ತರದ ಹುಡುಗಿ ರೈಡಿಗೆ ಬಂದು ದುರ್ಗವ್ವಳ ಮೂಲೆಗೇ ಕಾಲು ಚಾಚಿದಳು. ಮಹದೇವ ಅವತ್ತು ಮೊದಲ ಸಲ ಹಾಳೆ ಬಿಟ್ಟು ಆಟ ನೋಡುತ್ತಿದ್ದ. ದುರ್ಗವ್ವಳ ಮೈ ಮುಂದಕ್ಕೆ ಬಾಗಿತು, ಕೈ ಹೊರಟಿತು, ಅರ್ಧದಲ್ಲೇ ನಿಂತಿತು. ಪಕ್ಕದವಳಿಗಾಗಿ ಕಾದಳು. ಆ ಒಂದು ಕ್ಷಣದಲ್ಲಿ ಎತ್ತರದ ಹುಡುಗಿ ಅವಳ ಭುಜ ಮುಟ್ಟಿ, ಪಕ್ಕದವಳನ್ನೂ ಮುಟ್ಟಿ, ನಡುಗೆರೆ ದಾಟಿಬಿಟ್ಟಳು. ಉಳಿದ ಹೊತ್ತಿನಲ್ಲಿ ಹಿನ್ನಡೆ ತುಂಬಲಾಗದೆ ಪಂದ್ಯ ಹೋಯಿತು.

ಸೋಮಲಿಂಗಪ್ಪ ಎಲ್ಲರೆದುರು ಬೈದರು. "ಕಾಲು ಕೈಗೇ ಬಂದು ಬಿದ್ದಿತ್ತಲ್ಲೇ. ಯಾಕೆ ನಿಂತೆ? ಯಾರು ಹೇಳ್ಕೊಟ್ರು ಹಿಂಗೆ ನಿಲ್ಲೋದನ್ನ?"

ದುರ್ಗವ್ವ ತಲೆ ತಗ್ಗಿಸಿ ಮೊಣಕಾಲಿನ ಮಣ್ಣು ಕೊಡವುತ್ತಿದ್ದಳು. ಅಣ್ಣಾರು ಹೇಳಿದ್ದರು ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. "ತಪ್ಪಾತ್ರಿ ಸರ" ಎಂದಳು ಅಷ್ಟೇ.

ಹುಡುಗಿಯರೆಲ್ಲ ಹೋದ ಮೇಲೆ, ಅಂಕಣದ ಹಗ್ಗ ಸುತ್ತುತ್ತಿದ್ದ ಸೋಮಲಿಂಗಪ್ಪನವರ ಹತ್ತಿರ ಹೋಗಿ ಮಹದೇವ ಎಲ್ಲವನ್ನೂ ಹೇಳಿದ. ತಿಪಟೂರಿನ ಸಾಲುಗಳು, ವಾಣಿಯ ಮಾತು, ಆಫೀಸಿನಲ್ಲಿ ತೋರಿಸಿದ ಹಳೇ ಜಾತಕ, ತಾನೇ ಕೊಟ್ಟ ಸಲಹೆ. ಬೈಯುತ್ತಾರೆ ಎಂದುಕೊಂಡಿದ್ದ. ಅವರು ಸುತ್ತಿದ ಹಗ್ಗವನ್ನು ಕೆಳಗಿಟ್ಟು ಕಲ್ಲಿನ ಮೆಟ್ಟಿಲ ಮೇಲೆ ಕೂತರು.

"ತಿಪಟೂರಲ್ಲಿ ನಾನು ಅಲ್ಲೇ ನಿಂತಿದ್ದೆ ಮಹದೇವು. ಏಳಡಿ ದೂರದಲ್ಲಿ," ಎಂದರು. "ಕಣ್ಣಾರೆ ನೋಡಿದೀನಿ. ನೋಡಿದ್ದನ್ನ ಬಿಟ್ಟು ನಿನ್ನ ಬಣ್ಣ ನಂಬಿದೆ. ನಿನಗೊಬ್ಬನಿಗೇ ಯಾಕೆ ಬೈಯಲಿ."

"ಅವಳಿಗೆ ಹೇಳ್ಬೇಕು ಸಾರ್."

"ಹೇಳಿ ಏನ್ ಮಾಡ್ತೀಯ? ಆ ಜಾಗ ತುಂಬಿ ಹೋಯ್ತು. ಇಬ್ಬರಿಗೂ ಹೊಟ್ಟೆ ಉರಿಸ್ತೀಯ ಅಷ್ಟೇ. ಮೂಲೇಲಿ ಮೊದಲಿನ ಥರಾನೇ ಆಡು ಅಂತ ನಾನು ಹೇಳ್ತೀನಿ, ಬಿಡು."

ಬಿಡು ಎನ್ನುವ ಆ ಮಾತಿಗಾಗಿ ಮಹದೇವ ಐದಾರು ವಾರದಿಂದ ಕಾದಿದ್ದ. ಈಗ ಸಿಕ್ಕಿತು, ಅದರಿಂದ ಏನೂ ಹಗುರಾಗಲಿಲ್ಲ. ದುರ್ಗವ್ವಳ ಕೈ ಅರ್ಧದಲ್ಲಿ ನಿಂತದ್ದನ್ನು ಅವನು ನೋಡಿಬಿಟ್ಟಿದ್ದ.

ಮುಂದಿನ ಭಾನುವಾರ ಬೆಳಿಗ್ಗೆ ತಿಪಟೂರಿನ ಕಾಗದಗಳನ್ನು ಚೀಲದಲ್ಲಿಟ್ಟುಕೊಂಡು ಲಗ್ಗೆರೆಗೆ ಹೋದ. ಸಾಲು ಮನೆಗಳ ವಠಾರ. ನಲ್ಲಿಯ ಹತ್ತಿರ ದುರ್ಗವ್ವ ಬಟ್ಟೆ ಒಗೆಯುತ್ತಿದ್ದಳು, ದಾನಮ್ಮ ಹೊಸಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಇವನನ್ನು ನೋಡಿ ದಾನಮ್ಮ "ಬರ್ರಿ ಅಣ್ಣಾರ, ಉಂಡಿ ಹೆಂಗಿದ್ವು?" ಎಂದು ಚಾಪೆ ಹಾಸಿದಳು.

ದುರ್ಗವ್ವಳೂ ಎದ್ದು ಬಂದಳು. ಚಾಪೆಯ ಮೇಲೆ ಕಾಗದ ಹರಡಿ ಅವನು ಹೇಳಿದ. ಕಂಪ್ಯೂಟರಿನ ಮಾತು ಆದಷ್ಟು ಕಡಿಮೆ ಮಾಡಿದ. "ಹೆಸರು ಜರುಗಿಸಿದೆ, ಅಂಕ ಜರುಗಿಸಲಿಲ್ಲ. ನೀನು ಹಿಡಿದಿದ್ದು ಶಿಲ್ಪಾ ಹೆಸರಿಗೆ ಹೋಯ್ತು. ಅದನ್ನ ನೋಡೇ ಸಾರು ಅವಳ ಹೆಸರು ಕಳಿಸಿದ್ದು."

ದಾನಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಸೊಪ್ಪನ್ನು ಮೊರಕ್ಕೆ ಒಗೆದಳು. "ಅಂದ್ರ ಆ ನೌಕರಿ ಈಕೀದು ಇತ್ತು. ನೀವು ಆಟಕ್ಕ ಮಾಡೂ ಲೆಕ್ಕಕ್ಕ ನಮ್ಮ ಹುಡುಗೀ ಬಾಳೇ ಹೋತು. ಮೆಷಿನ್ ಮುಂದ ಕುಂತ ಕುಂತ ಈಕೀ ಬೆನ್ನು ಹೆಂಗಾಗೇತಿ ನೋಡೀರೇನು?"

ಮಹದೇವ ಕಾಗದವನ್ನು ದುರ್ಗವ್ವಳ ಕಡೆ ಸರಿಸಿದ.

ದುರ್ಗವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ತನ್ನ ಒಂಬತ್ತನೇ ನಂಬರಿನ ಮುಂದಿದ್ದ ಗೀಟುಗಳನ್ನು ಒಂದೊಂದಾಗಿ ಎಣಿಸಿದಳು. "ಹನ್ನೊಂದು," ಎಂದಳು. ಅವಳ ಮುಖದಲ್ಲಿ ಒಂದು ಕ್ಷಣ ಸಂತೋಷ ಕಂಡಿತು, ಅದನ್ನು ನೋಡುವುದೇ ಮಹದೇವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. "ನಾ ಚೊಲೋ ಆಡಿದ್ದೆ ಅಂತ ನಂಗ ಗೊತ್ತಿತ್ತ್ರಿ. ಆಮ್ಯಾಲ ನನ್ನ ಮ್ಯಾಲ ನನಗ ಡೌಟ್ ಬಂತು. ನಾನ ಸುಳ್ಳು ನೆಪ್ಪು ಮಾಡ್ಕೊಂಡೇನಿ ಅನಸ್ತು."

ಕಾಗದ ಮಡಚುತ್ತ ಅವಳು ತಲೆ ಎತ್ತಿದಳು. "ನಾ ನಿಮ್ಮ ಆಫೀಸಿಗೆ ಬಂದಿದ್ನೆಲ್ಲ, ಅವತ್ತ ನಿಮಗ ಇದು ಗೊತ್ತಿತ್ತೇನ್ರಿ?"

ಇಲ್ಲ ಎನ್ನಬಹುದಿತ್ತು. ತಪ್ಪು ಯಾವತ್ತು ಕಂಡಿತೆಂದು ಅವನನ್ನು ಬಿಟ್ಟರೆ ಗೊತ್ತಿದ್ದದ್ದು ಸೋಮಲಿಂಗಪ್ಪನವರಿಗೆ ಮಾತ್ರ. ಅವರು ಬಂದು ಸಾಕ್ಷಿ ಹೇಳುವವರಲ್ಲ.

"ಗೊತ್ತಿತ್ತು," ಎಂದ ಮಹದೇವ.

"ಗೊತ್ತಿದ್ದೂ ಕೆಂಪು ತೋರ್ಸಿದ್ರಿ."

"ಹೂಂ."

"ಕಾಲಿಗೆ ಹೋಗಬ್ಯಾಡ ಅಂತ ಬ್ಯಾರೆ ಹೇಳಿದ್ರಿ."

ಅವನು ತಲೆಯಾಡಿಸಿದ. ಕ್ಷಮಿಸು ಎನ್ನಲು ಬಾಯಿ ತೆರೆದ, ಉಸಿರು ಸಾಲಲಿಲ್ಲ. ದುರ್ಗವ್ವಳ ದನಿ ಏರಲಿಲ್ಲ. "ಈ ಕಾಗದ ನನ್ನ ಹಂತೇಕ ಇರ್ಲಿ. ನೀವು ಹೋಗ್ರಿ," ಎಂದು ನಲ್ಲಿಯ ಹತ್ತಿರ ಹೋಗಿ ಮತ್ತೆ ಬಟ್ಟೆಗೆ ಸೋಪು ಹಚ್ಚತೊಡಗಿದಳು. ಅವನು ವಠಾರದ ಬಾಗಿಲು ದಾಟುವವರೆಗೂ ದಾನಮ್ಮನ ಬೈಗುಳ ಕೇಳುತ್ತಿತ್ತು. ಬಟ್ಟೆ ಬಡಿಯುವ ಸದ್ದು ಅದಕ್ಕಿಂತ ದೂರದವರೆಗೆ ಕೇಳಿತು.

ಅವಳು ಮತ್ತೆ ರಾಜಾಜಿನಗರದ ಮೈದಾನಕ್ಕೆ ಬರಲಿಲ್ಲ. ಜ್ಞಾನಭಾರತಿ ಹತ್ತಿರದ ಇನ್ನೊಂದು ಸಂಘಕ್ಕೆ ಸೇರಿದಳೆಂದು ವಾಣಿ ಹೇಳಿದಳು. ಸೋಮಲಿಂಗಪ್ಪ ತಾವೇ ಆ ಕಂಪನಿಗೆ ಹೋಗಿ ಮುಂದಿನ ವರ್ಷಕ್ಕಾದರೂ ದುರ್ಗವ್ವಳನ್ನು ನೋಡಿ ಎಂದು ಕೇಳಿಕೊಂಡರು. ನೋಡೋಣ ಎಂದರಂತೆ. ಮುಂದಿನ ವರ್ಷ ಅವರು ಯಾರನ್ನೂ ತೆಗೆದುಕೊಳ್ಳಲಿಲ್ಲ.

ಮಹದೇವ ಹುಡುಗಿಯರೆಲ್ಲರನ್ನೂ ಕೂರಿಸಿಕೊಂಡು ಆದದ್ದನ್ನು ಹೇಳಿದ. ಅವರಲ್ಲಿ ಕೆಲವರು ಅವನ ಹತ್ತಿರ ಮಾತು ಬಿಟ್ಟರು. ಅವರಿಂದ ವಿಷಯ ತಿಳಿದ ಶಿಲ್ಪಾ ಒಂದು ದಿನ ಬಂದು, ಇದನ್ನೆಲ್ಲ ಯಾಕೆ ಹೇಳಿದಿರಿ, ಇನ್ನು ಅಲ್ಲಿ ನೆಮ್ಮದಿಯಾಗಿ ಆಡೋದು ಹೇಗೆ ಎಂದು ಕೇಳಿ ಹೋದಳು. ಜಾತಕವನ್ನು ಅವನು ಮೂರು ತಿಂಗಳು ಮುಟ್ಟಲಿಲ್ಲ. ಆಮೇಲೆ ಸೋಮಲಿಂಗಪ್ಪನವರೇ ಶುರು ಮಾಡು ಎಂದರು. ಶುರು ಮಾಡಿದ, ಆದರೆ ಪ್ರತಿ ಪಂದ್ಯದ ನಂತರ ಒಬ್ಬೊಬ್ಬಳನ್ನೇ ಕರೆದು ಅವಳ ಸಾಲನ್ನು ಓದಿ ಹೇಳಿ, ಅವಳು ಹೌದೆಂದು ಸಹಿ ಹಾಕಿದ ಮೇಲಷ್ಟೇ ಏರಿಸುತ್ತಿದ್ದ. ಇದರಿಂದ ಬಹಳ ಹೊತ್ತು ಹಿಡಿಯುತ್ತಿತ್ತು. ಹುಡುಗಿಯರಿಗೆ ಬೇಜಾರಾಗುತ್ತಿತ್ತು. ಅವನು ಬಿಡುತ್ತಿರಲಿಲ್ಲ.

ಎರಡು ಸಾವಿರದ ಹತ್ತರ ಫೆಬ್ರವರಿಯಲ್ಲಿ ಕೆಂಗೇರಿಯಲ್ಲಿ ಒಂದು ಪಂದ್ಯಾವಳಿ ನಡೆಯಿತು. ಅಂಕ ಬರೆಯಲು ಸಂಘಟಕರು ಮಹದೇವನನ್ನು ಕರೆದಿದ್ದರು. ಮಧ್ಯಾಹ್ನದ ಪಂದ್ಯಕ್ಕೆ ಇಳಿದ ತಂಡದಲ್ಲಿ, ಎಡಮೂಲೆಯಲ್ಲಿ, ಆರನೇ ನಂಬರು ಹಾಕಿಕೊಂಡು ದುರ್ಗವ್ವ ನಿಂತಿದ್ದಳು. ಸ್ವಲ್ಪ ಇಳಿದಿದ್ದಳು. ಇವನು ಮೇಜಿನ ಹಿಂದೆ ಕೂತಿರುವುದನ್ನು ನೋಡಿದಳು, ನೋಡಿದ ಗುರುತು ತೋರಿಸಲಿಲ್ಲ. ಎರಡನೇ ಅರ್ಧದಲ್ಲಿ ಮೂರು ಸಲ ಒಬ್ಬಳೇ ಹಿಮ್ಮಡಿಗೆ ಬಿದ್ದು ಹಿಡಿದಳು. ಮಹದೇವ ಪ್ರತಿ ಸಲ ನಂಬರನ್ನು ಮತ್ತೊಮ್ಮೆ ನೋಡಿಕೊಂಡು ಬರೆದ.

ಪಂದ್ಯ ಮುಗಿದ ಮೇಲೆ ಅವಳು ನೇರವಾಗಿ ಮೇಜಿನ ಹತ್ತಿರ ಬಂದಳು. "ಅಂಕಪಟ್ಟಿ ತೋರಸ್ರಿ," ಎಂದಳು.

ಅವನು ಹಾಳೆಯನ್ನು ಅವಳ ಕಡೆ ತಿರುಗಿಸಿದ. ಅವಳು ಆರನೇ ಸಾಲಿನ ಮೇಲೆ ಬೆರಳಿಟ್ಟು ಮೊದಲಿನಿಂದ ಓದಿದಳು. ಅರ್ಧಕ್ಕೆ ನಿಂತಳು. "ಮೊದಲ ಹಾಫಿನಾಗ ನನ್ನ ಎರಡನೇ ರೈಡಿಗೆ ಬೋನಸ್ ಪಾಯಿಂಟ್ ಬಂದಿತ್ತು. ಇಲ್ಲಿಲ್ಲ."

ಮಹದೇವ ರೆಫರಿಯ ಹತ್ತಿರ ಹೋಗಿ ಕೇಳಿ ಬಂದ. ಅವಳು ಹೇಳಿದ್ದು ಸರಿ. ತಂಡದ ಮೊತ್ತದಲ್ಲಿ ಸೇರಿತ್ತು, ಅವಳ ಸಾಲಿನಲ್ಲಿ ಬಿಟ್ಟುಹೋಗಿತ್ತು.

"ತಪ್ಪಾಯ್ತು ದುರ್ಗವ್ವ," ಎಂದ.

"ಬರೀರಿ," ಎಂದಳು ಅವಳು. ಅವನು ಬರೆಯುವ ತನಕ ಮೇಜಿನ ಮುಂದೆ ನಿಂತು ನೋಡಿ, ಶಾಯಿ ಒಣಗಿದ ಮೇಲೆ ತನ್ನ ತಂಡದವರು ಕೂತಿದ್ದ ನೆರಳಿನ ಕಡೆ ನಡೆದಳು.